ನಾಲ್ಕು ಮಡಿಕೆಯ ಕೌದಿ

ಇಂಥ ಅನುಭವಗಳನ್ನು ಹೇಳುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಅರ್ಧ ನಿದ್ದೆ, ಅರ್ಧ ಸುಳ್ಳು ಎಂದು ತಳ್ಳಿಹಾಕುತ್ತಿದ್ದೆ. ನನಗಾದದ್ದು ಮಾತ್ರ ಮಟಮಟ ಮಧ್ಯಾಹ್ನ, ಪುಣೆಯ ಮಗರಪಟ್ಟಾ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ, ನಾನು ಪೂರ್ತಿ ಎಚ್ಚರವಾಗಿದ್ದಾಗ. ಈಗ ಮೂರು ವರ್ಷವಾಯಿತು.

ಆ ಕಟ್ಟಡದ ಜನ ನನಗೆ ಎಂದೂ ಹಿಡಿಸಲಿಲ್ಲ. ಗೋಡೆಯಾಚೆಯ ಕುಕ್ಕರಿನ ಸೀಟಿ ಎಣಿಸಿ, ಲಿಫ್ಟಿನಲ್ಲಿ 'ಇವತ್ತು ರಾಜ್ಮಾನಾ?' ಎಂದು ಕೇಳುವವರು. ನಾನು ಹುಬ್ಬಳ್ಳಿಯವಳೆಂದು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮನೆತನದಿಂದ ಮದುವೆಯವರೆಗೆ ವಿಚಾರಣೆ ಶುರುವಾಗುತ್ತದೆ.

ನನ್ನ ಮೇಲಿನ ಮನೆಗೆ ಧಾರವಾಡ ಕಡೆಯ ಕುಟುಂಬವೊಂದು ಬಾಡಿಗೆಗೆ ಬಂತು. ಅವರ ಅಜ್ಜಿ ದಿನಾ ಮೂರು ಗಂಟೆಗೆ ಕಲ್ಲಿನ ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದರು. ಮನೆಯಿಂದಲೇ ಕೆಲಸ ಮಾಡುವ ನನಗೆ ಮೂರಕ್ಕೇ ಮೀಟಿಂಗ್. ಮೇಲೆ ಹೋಗಿ ಕನ್ನಡದಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ, ದಿನ ಮತ್ತು ವೇಳೆ ಸಮೇತ, ಇಂಗ್ಲಿಷಿನಲ್ಲಿ ದೂರು ಬರೆದೆ.

ಮರುವಾರ ಅಜ್ಜಿ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, ಮರಾಠಿಯಲ್ಲಿ ತಡವರಿಸಿ, ಕೊನೆಗೆ ಸೋತು ಕನ್ನಡಕ್ಕೇ ಇಳಿದರು. "ಕೌದಿ ನಾಕ್ ಮಡಿಕಿ ಮಾಡಿ ಒಳ್ಳಿನ ಕೆಳಗ ಹಾಕ್ತೀನಿ, ಯವ್ವಾ. ಗುಂಪಿನಾಗ ಒಂದ್ ಮಾತ್ ಬರಿ, ಇಲ್ಲಾಂದ್ರ ನಮ್ಮನ್ನ ಮನಿ ಬಿಡಸ್ತಾರ."

ನನಗೆ ಪ್ರತಿ ಮಾತೂ ತಿಳಿಯಿತು. ತಿಳಿಯದವಳಂತೆ ತಲೆಯಾಡಿಸಿ ಇಳಿದುಹೋದೆ. ಅವರ ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದ ಮೇಲೆ ಅದನ್ನು ಮುಂದುವರಿಸಲು ಸೊಸೈಟಿ ಬಿಡಲಿಲ್ಲ. ಮೇಲಿನ ಬಾಗಿಲಿಗೆ ಬೀಗ ಬಿತ್ತು.

ಎರಡು ವಾರದ ನಂತರ ಕೆಳಗಿನ ಮನೆಯ ಜೋಶಿ ಕಾಕಾ ಬಂದು, ದಿನಾ ಮೂರಕ್ಕೆ ಏನು ಕುಟ್ಟುತ್ತೀ ಎಂದು ಮರಾಠಿಯಲ್ಲಿ ಗದರಿಸಿದರು. ನನ್ನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವ ಕಲ್ಲೂ ಇರಲಿಲ್ಲ. ಅವರು ಕಪಾಟುಗಳನ್ನು ತೆರೆದು ನೋಡಿಯೂ ನಂಬಲಿಲ್ಲ. ಮರುದಿನ ತಮ್ಮ ಮನೆಗೇ ಕರೆದರು.

ಮೂರಕ್ಕೆ ಶುರುವಾಯಿತು. ಎರಡು ಪೆಟ್ಟು, ಒಮ್ಮೆ ಕೆದಕುವ ಸದ್ದು, ಮತ್ತೆ ಎರಡು ಪೆಟ್ಟು. ನಾನು ತಿಂಗಳುಗಟ್ಟಲೆ ಕೇಳಿದ್ದ ಅದೇ ಕೈ. ಬರುತ್ತಿದ್ದದ್ದು ನೇರ ನನ್ನ ಅಡುಗೆಮನೆಯ ನೆಲದಿಂದ. ನನ್ನ ಮನೆಯ ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು.

ಕಾಕಾ ನಕ್ಕರು. "ಒಳಗೆ ಯಾರನ್ನು ಇಟ್ಟುಕೊಂಡಿದ್ದೀಯಮ್ಮಾ? ಮುಂದಿನ ತಿಂಗಳು ನಿನ್ನ ಕರಾರೂ ಮುಗಿಯುತ್ತದಲ್ಲ?"

ಒಂಟಿ ಹುಡುಗಿಯನ್ನು ಮನೆ ಬಿಡಿಸಲು ಇಂಥ ಒಂದು ಪ್ರಶ್ನೆ ಸಾಕು. ಓಡಿ ಮೇಲೆ ಬಂದು ಬಾಗಿಲು ತೆರೆದೆ. ಯಾರೂ ಇರಲಿಲ್ಲ, ಸದ್ದೂ ಇರಲಿಲ್ಲ. ಮೇಲಿನ ಮನೆಯ ಬೀಗ ಹಾಗೆಯೇ ಇತ್ತು.

ಮರುದಿನ ನಾನು ಮಾಡಿದ್ದನ್ನು ಬೇರೆಯವರು ಮಾಡಿದ್ದರೆ ಹೀಯಾಳಿಸುತ್ತಿದ್ದೆ. ಅವ್ವ ಹಳೆ ಸೀರೆಗಳನ್ನು ಹೊಲಿದು ಕೊಟ್ಟ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅಡುಗೆಮನೆಯ ಖಾಲಿ ನೆಲದ ಮೇಲೆ ಹಾಸಿದೆ. ಮೂರಕ್ಕೆ ಅದರ ಪಕ್ಕದಲ್ಲೇ ನಿಂತೆ. ನನಗೆ ಏನೂ ಕೇಳಿಸಲಿಲ್ಲ.

ಸಂಜೆ ಲಿಫ್ಟಿನಲ್ಲಿ ಕಾಕಾ ಸಿಕ್ಕರು. "ಕುಟ್ಟುವುದು ಕೇಳುತ್ತದೆ, ಆದರೆ ಮೆತ್ತಗೆ. ಈಗ ತೊಂದರೆಯಿಲ್ಲ. ಕೆಳಗೆ ಏನು ಹಾಕಿದೆ?"

ನನ್ನ ಕರಾರು ಮುಂದುವರಿಯಿತು. ಕಟ್ಟಡದ ಕಂಬಗಳಲ್ಲಿ ಸದ್ದು ದಿಕ್ಕುತಪ್ಪಿ ಹರಿಯುತ್ತದೆಂದು ಓದಿದ್ದೇನೆ. ಏನೂ ಇಲ್ಲದ ಕಡೆ ಹಾಸಿದ ಕೌದಿಗೆ ಅದು ತಗ್ಗುವುದೇಕೆಂದು ಎಲ್ಲೂ ಓದಿಲ್ಲ. ಕೌದಿಯನ್ನು ಇನ್ನೂ ಎತ್ತಿಲ್ಲ. ಅಜ್ಜಿ ಬರೆಯೆಂದ ಆ ಒಂದು ಮಾತನ್ನೂ ಇನ್ನೂ ಬರೆದಿಲ್ಲ.