ತಲೆಯ ಬದಲಿಗೆ ಒಂದು ಬಾಟಲಿ

ಎರಡು ಸಾವಿರದ ದಶಕದ ಕೊನೆಯ ಒಂದು ಮೇ ತಿಂಗಳು. ಕುಮಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು ಹತ್ತಿರದ ಬಾಡ ಎಂಬ ಊರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. ರಜೆ, ಕಾಲೇಜಿಗೆ ಬೀಗ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಮೇಜಿನ ಮೇಲೆ ತಾಮ್ರದ ತಗಡಿನ ಪಂಜರವಿತ್ತು. ಎಂಆರ್‌ಐ ಯಂತ್ರದಲ್ಲಿ ರೋಗಿಯ ತಲೆಯ ಸುತ್ತ ಕೂರುವ ಕಾಯಿಲ್ ಅದು; ತಲೆಯಿಂದ ಬರುವ ಕ್ಷೀಣ ರೇಡಿಯೋ ಸಂಕೇತವನ್ನು ಹಿಡಿಯುವ ಆಂಟೆನಾ. ಅದೇ ಯಂತ್ರದೊಳಗೆ ಪೆಟ್ ಸ್ಕ್ಯಾನನ್ನೂ ಸೇರಿಸುವ ಪ್ರಯತ್ನ ಆಗ ನಡೆದಿತ್ತು. ಪೆಟ್‌ಗೆ ಬೇಕಾದ, ರೋಗಿಯ ದೇಹದಿಂದ ಹೊಮ್ಮುವ ಗಾಮಾ ಕಿರಣಗಳು ಈ ಪಂಜರವನ್ನು ದಾಟಿಯೇ ಹೊರಬರಬೇಕು. ತಾಮ್ರ ದಪ್ಪವಾದರೆ ಕೆಲವು ಕಿರಣಗಳು ಅಲ್ಲೇ ನಿಲ್ಲುತ್ತವೆ. ತೀರ ತೆಳುವಾದರೆ ತಾಮ್ರವೇ ಸಂಕೇತವನ್ನು ನುಂಗುತ್ತದೆ. ಎಷ್ಟು ತೆಳು ಮಾಡಬಹುದು ಎಂದು ಅಳೆಯುವುದು ನನ್ನ ಕೆಲಸ. ದೂರದ ಊರಿನ ಪ್ರಯೋಗಾಲಯವೊಂದು ಉಪಕರಣ ಕೊಟ್ಟಿತ್ತು. ಫಲಿತಾಂಶ ಒಪ್ಪಿಗೆಯಾದರೆ ಕರೆಸಿಕೊಳ್ಳುವುದಾಗಿ ಹೇಳಿತ್ತು. ಈ ಕೆಲಸದ ಬಗ್ಗೆ ಮಾತಾಡುವ ನಾಲ್ಕು ಜನರಿರುವ ಕಡೆ ಹೋಗಬೇಕೆಂಬುದಷ್ಟೇ ನನ್ನ ಆಸೆ.

ಕಾಯಿಲನ್ನು ಖಾಲಿ ಇಟ್ಟು ಒಮ್ಮೆ, ಒಳಗೆ ತಲೆ ಇಟ್ಟು ಒಮ್ಮೆ, ಸಂಕೇತ ಎಷ್ಟು ನಷ್ಟವಾಗುತ್ತದೆಂದು ಅಳೆಯಬೇಕು. ಎರಡರ ಅಂತರ ದೊಡ್ಡದಿದ್ದರೆ ನುಂಗುತ್ತಿರುವುದು ಬಹುಪಾಲು ತಲೆ, ತಾಮ್ರ ನುಂಗುವುದು ಕಡಿಮೆ ಎಂದರ್ಥ. ತಲೆಯ ಬದಲಿಗೆ ಉಪ್ಪುನೀರಿನ ಬಾಟಲಿ. ಅದಕ್ಕೆ ಬೇಕಾದ ಡಿಸ್ಟಿಲ್ಡ್ ವಾಟರ್ ಬೀಗ ಹಾಕಿದ ಕಾಲೇಜಿನೊಳಗಿತ್ತು. ಬಾವಿ ನೀರನ್ನು ಕಾಯಿಸಿ, ಸೋಸಿ, ಉಪ್ಪನ್ನು ತೂಗಿ ಹಾಕಿದೆ. ಅತಿ ತೆಳು ತಗಡಿಗೂ ಅಂತರ ದೊಡ್ಡದಾಗಿಯೇ ಬಂತು. ಮೂರು ದಿನ ಅಳೆದರೂ ಹಾಗೆಯೇ. ವರದಿ ಕಳಿಸಿದೆ. ಜೂನ್‌ನಲ್ಲಿ ಬನ್ನಿ ಎಂದು ಉತ್ತರ ಬಂತು.

ಮರುದಿನ ಮನೆಯೊಡತಿಯ ಸೊಸೆ ಬಾವಿಗೆ ಬಂದವರು ಕಿಟಕಿಯಲ್ಲಿ ಇಣುಕಿದರು. ಘಟ್ಟದ ಮೇಲಿನ ಶಿರಸಿಯಿಂದ ಮದುವೆಯಾಗಿ ಬಂದವರು.

"ಮಾಸ್ತರ್ರೇ, ಬಾಟ್ಲಿಗೆ ಎಂತ ಕೇಳಿಸ್ತಾ ಇದ್ರಿ? ರೇಡಿಯೋ ವಾರ್ತೆಯಾ?"

"ಅದು ಬಾಟ್ಲಿ ಅಲ್ಲ ಅಕ್ಕ, ತಲೆ. ಉಪ್ಪು ಹಾಕಿದ ನೀರು."

"ಈ ಬಾವಿ ನೀರಿಗೆ ಮತ್ತೆ ಉಪ್ಪಾ?" ಅವರು ಕೊಡ ಕೆಳಗಿಟ್ಟು ನಕ್ಕರು. "ಬೇಸಿಗೇಲಿ ಇದೇ ಉಪ್ಪು. ಮದ್ವೆಯಾದ ವರ್ಷ ನಂಗೆ ಇಲ್ಲಿ ಚಾ ಕುಡೂಕೇ ಆಗ್ಲಿಲ್ಲ. ನಿಮ್ಗೆ ನಾಲ್ಗೆ ಇಲ್ವಾ?"

ನಾನು ಹುಟ್ಟಿದ್ದು ಹೊನ್ನಾವರದ ಹೊಳೆದಂಡೆಯಲ್ಲಿ. ಬೇಸಿಗೆಯಲ್ಲಿ ಇಂಥದೇ ನೀರು ಕುಡಿದು ಬೆಳೆದವನು. ಬಾಯಿಗೆ ಹಾಕಿ ನೋಡಿದೆ. ನನಗೆ ಅದು ಬರೀ ನೀರು.

ಹೆದ್ದಾರಿಯ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಅಷ್ಟೇ ಉಪ್ಪು ಹಾಕಿ ಅಳೆದೆ. ಅಂತರ ಕುಗ್ಗಿತು. ತೆಳು ತಗಡು ಗೆದ್ದಿರಲಿಲ್ಲ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಅಂತರ ಹಿಗ್ಗುತ್ತದೆ; ಬಾವಿಯ ಉಪ್ಪು ಅದನ್ನು ಗೆಲ್ಲಿಸಿತ್ತು. ಇನ್ನೆರಡು ಬಾರಿ ಅಳೆದೆ. ಬದಲಾಗಲಿಲ್ಲ.

ಒಂದು ದಿನ ಪ್ರಯೋಗಾಲಯಕ್ಕೆ ಬರೆಯಲಿಲ್ಲ. ಜೂನ್‌ವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ನಂತರ ಬರೆದೆ: ಹಿಂದಿನ ವರದಿಯ ಅಂಕಿಗಳು ತಪ್ಪು, ನೀರು ಶುದ್ಧವಿರಲಿಲ್ಲ, ಹೊಸ ಅಂಕಿಗಳು ಕೆಳಗಿವೆ. ವಾರದ ಮೇಲೆ ಉತ್ತರ ಬಂತು. ತಿಳಿಸಿದ್ದಕ್ಕೆ ವಂದನೆ, ದಪ್ಪ ತಗಡಿನ ಬೇರೊಂದು ವಿನ್ಯಾಸ ಕೈಗೆತ್ತಿಕೊಂಡಿದ್ದೇವೆ, ಉಪಕರಣ ವಾಪಸ್ ಕಳಿಸಿ.

ಉಪಕರಣವನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಆ ಅಕ್ಕ ಮತ್ತೆ ಕಿಟಕಿಗೆ ಬಂದರು.

"ಏನಾತು ಮಾಸ್ತರ್ರೇ, ತಲೆ ಸರಿ ಆತಾ?"

"ಆತು ಅಕ್ಕ."

ಅವರು ಕೊಡ ತುಂಬಿಕೊಂಡು ಹೋದರು. ಅಂದು ನಾನಾಡಿದ್ದು ಆ ಎರಡೇ ಮಾತು. ಲೋಟದಲ್ಲಿ ಬಾವಿ ನೀರು ತೆಗೆದುಕೊಂಡು ನಿಧಾನವಾಗಿ ಕುಡಿದೆ, ಉಪ್ಪು ಸಿಗುತ್ತದೋ ಎಂದು. ಸಿಗಲಿಲ್ಲ.