ಸವಾನಾದಲ್ಲಿ ಕೊಂಡ ಸಿಗಡಿ

ಹೋದ ವಾರ ಸ್ಯಾನ್ ಮಟಿಯೋದಲ್ಲಿ ಕೊಲ್ಲಿಯ ದಂಡೆಯ ಮೇಲೆ ವಾಕಿಂಗು ಹೋಗಿದ್ದೆ. ನೀರು ಇಳಿದು ಕೆಸರು ಮೇಲೆ ಕಾಣುತ್ತಿತ್ತು. ಅದರ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು... ಉಪ್ಪು, ಕೊಳೆತ ಹುಲ್ಲು, ಮೀನು ಎಲ್ಲ ಸೇರಿದ್ದು. ಎದುರಿಗೆ ಓಡಿಕೊಂಡು ಬರುತ್ತಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಚಾಮರಾಜಪೇಟೆಯ ಹುಳಿ-ತೊವ್ವೆ ಮನೆಯವಳು, ಮೀನಿನಂಗಡಿ ಇದ್ದ ಬೀದಿಯನ್ನೇ ಬಿಟ್ಟು ಬಳಸಿ ಹೋಗುತ್ತಿದ್ದವಳು. ಆದರೂ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅಕ್ಕನ ನೆನಪು ಬಂತು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಡಾಟ್‌ಕಾಮ್ ಕಾಲದಲ್ಲಿ ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಬಾಗಿಲಿನವರು, ಮಂಗಳೂರಿನ ಬಂದರಿನ ಕಡೆಯವರು. ಇಬ್ಬರ ಗಂಡಂದಿರೂ ಒಂದೇ ಸ್ಟಾರ್ಟಪ್ಪಿನಲ್ಲಿ. ಬೆಳಿಗ್ಗೆ ಒಂದೇ ಕಾರಿನಲ್ಲಿ ಫ್ರೀವೇ ಹತ್ತಿದರೆ ಯಾವಾಗ ಮನೆಗೆ ಬರುತ್ತಾರೋ ದೇವರಿಗೇ ಗೊತ್ತು. ನಮಗಿಬ್ಬರಿಗೂ ಕೆಲಸ ಮಾಡುವ ವೀಸಾ ಇಲ್ಲ, ಕಾರು ಓಡಿಸಲು ಬರದು. ಹೊಸದರಲ್ಲಿ ನಾನು ಟೀವಿಯ ಜತೆ ಜಗಳವಾಡುತ್ತಿದ್ದೆ, ಸುಳ್ಳಲ್ಲ. ಅಷ್ಟು ಒಂಟಿತನ. ಮಧ್ಯಾಹ್ನ ಅಕ್ಕ ಬಾಗಿಲು ತಟ್ಟಿ, “ಬದುಕಿದ್ದೀಯಾ ಮಾರಾಯ್ತಿ?” ಅನ್ನುತ್ತಿದ್ದರು. ಆಮೇಲೆ ಸಂಜೆಯವರೆಗೂ ನಮ್ಮದೇ ರಾಜ್ಯ.

ಅಕ್ಕನಿಗೆ ಇಲ್ಲಿನ ಸಮುದ್ರದ ಮೇಲೆ ಕೆಟ್ಟ ಸಿಟ್ಟು. ಒಂದು ಭಾನುವಾರ ಬೀಚಿಗೆ ಹೋಗಿದ್ದಾಗ ಸ್ವೆಟರಿನೊಳಗೆ ಮುದುಡಿಕೊಂಡು, “ಇದೆಂತ ಸಮುದ್ರ? ಫ್ರಿಜ್ಜಿನ ಬಾಗಿಲು ತೆಗೆದಿಟ್ಟ ಹಾಗೆ ಉಂಟು” ಅಂದಿದ್ದರು. ಆಮೇಲೆ ಆ ಕಡೆಗೆ ಹೋಗುವ ಮಾತೇ ಎತ್ತಲಿಲ್ಲ.

ಹೀಗಿರುವಾಗ ನಮ್ಮ ಗಂಡಸರನ್ನು ಒಂದು ವಾರದ ಕೆಲಸಕ್ಕೆ ಸವಾನಾ ಎಂಬ ಊರಿಗೆ ಕಳಿಸಿದರು. ದೇಶದ ಆ ತುದಿ, ದಕ್ಷಿಣದ ಕರಾವಳಿ. ಅಲ್ಲಿನ ಬಂದರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರು ಹಾಕಿಕೊಡಬೇಕಿತ್ತು. ಹಳೇ ಕಾಲದ ಊರು, ಟೂರಿಸ್ಟುಗಳು ಮುಗಿಬೀಳುತ್ತಾರೆ ಅಂತ ಗೊತ್ತಾಗಿದ್ದೇ ನಾವಿಬ್ಬರೂ ಗಂಟು ಕಟ್ಟಿದೆವು.

ಏರ್‌ಪೋರ್ಟಿನಿಂದ ಹೊರಗೆ ಕಾಲಿಟ್ಟಿದ್ದೇ ತಡ, ಸೆಕೆ! ಅಯ್ಯಪ್ಪಾ, ನನಗೆ ಉಸಿರು ಕಟ್ಟಿತು. ಅಕ್ಕ ಮಾತ್ರ ಮುಂಗೈ ಎತ್ತಿ ತೋರಿಸುತ್ತಾ, “ಬೆವರು ನೋಡು! ಬೆವರು ಬಂತು ಮಾರಾಯ್ತಿ!” ಅಂತ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಅಷ್ಟು ದಿನದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹೋಟೆಲಿನ ತಿಂಡಿಯ ಹೊತ್ತಿಗೆ ಅಕ್ಕ ನನ್ನ ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದರು. ಬಂದರಿನ ಕಂಪನಿಯವರು ಅವರ ಗಂಡನಿಗೆ ಇಲ್ಲಿಗೇ ಬಂದು ಕೆಲಸಕ್ಕೆ ಸೇರು ಅಂದಿದ್ದಾರಂತೆ. ಈ ಊರು ಬಿಡುವುದರೊಳಗೆ ಹೇಳಬೇಕಂತೆ. “ನೀವೇನಂದಿರಿ?” ಅಂದೆ. “ಈಗಲೇ ಎಂತ ಹೇಳುದು? ನಮ್ಮಲ್ಲಿ ದೊಡ್ಡ ಮಾತನ್ನು ಹಸಿದ ಹೊಟ್ಟೆಯ ಎದುರು ಎತ್ತುವ ಕ್ರಮ ಇಲ್ಲ. ಒಳ್ಳೆ ಮೀನಿನೂಟ ಹಾಕಬೇಕು, ಕೈ ತೊಳೆದ ಮೇಲೆ ಮೆಲ್ಲ ಕೇಳಬೇಕು. ನನ್ನ ಅಮ್ಮ ಹಾಗೇ ಮಾಡ್ತಿದ್ದದ್ದು” ಅಂದರು.

ನಾನು ಊರು ನೋಡಿದೆ. ಅಕ್ಕ ಮನೆ ನೋಡಿದರು! ಚೌಕ ಚೌಕವಾದ ಪಾರ್ಕುಗಳು, ಜಡೆ ಬಿಟ್ಟ ಹಾಗೆ ಪಾಚಿ ಇಳಿಬಿದ್ದ ದೊಡ್ಡ ದೊಡ್ಡ ಮರಗಳು, ಕುದುರೆ ಗಾಡಿ, ನದಿಯ ದಂಡೆಯಲ್ಲಿ ಕಲ್ಲು ಹಾಸಿದ ಬೀದಿ. ನಾನು ಎಲ್ಲದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಅವರು ಬಾಡಿಗೆಗಿದೆ ಎಂಬ ಬೋರ್ಡು ಕಂಡಲ್ಲೆಲ್ಲ ನಿಂತು ಕಿಟಕಿಯೊಳಗೆ ಇಣುಕುತ್ತಿದ್ದರು. ಮೆಟ್ಟಿಲ ಮೇಲೆ ಕೂತಿದ್ದ ಯಾರೋ ಅಜ್ಜಿ ನಮ್ಮನ್ನು ಕೂರಿಸಿಕೊಂಡು ಊರಿನ ಸುದ್ದಿಯೆಲ್ಲ ಹೇಳಿದರು. ಕ್ಯಾಂಪ್‌ಬೆಲ್‌ನಲ್ಲಿ ವರ್ಷ ಕಳೆದರೂ ಮೇಲಿನ ಮನೆಯವರ ಮುಖ ನಮಗೆ ಗೊತ್ತಿರಲಿಲ್ಲ. “ಇಲ್ಲಿ ನನಗೆ ಹುಚ್ಚು ಹಿಡಿಯುದಿಲ್ಲ” ಅಂದರು ಅಕ್ಕ, ನಡೆಯುತ್ತಾ. ತಮಾಷೆಗೆ ಅಂದದ್ದಲ್ಲ. ಅವರು ಇಲ್ಲಿಗೆ ಬಂದುಬಿಟ್ಟರೆ ನನ್ನ ಬಾಗಿಲು ತಟ್ಟುವವರು ಯಾರು? ಆದರೂ ಅವರಿಗೆ ಈ ಊರು ಸಿಗಲಿ ಅಂತಲೇ ಬೇಡಿಕೊಂಡೆ.

ಶುಕ್ರವಾರ ಟೂರ್ ಬಸ್ಸು ಹತ್ತಿದೆವು. ಗೈಡು ಯಾವ ಮನೆಯಲ್ಲಿ ಯಾವ ದೆವ್ವ, ಯಾವ ಸ್ಮಶಾನದಲ್ಲಿ ಯಾರು ಅಂತ ರಾಗವಾಗಿ ಹೇಳುತ್ತಿದ್ದ. ಅಕ್ಕನಿಗೆ ತಡೆಯಲಾಗಲಿಲ್ಲ. “ಇವನದ್ದು ಬರೀ ಸತ್ತವರ ಸುದ್ದಿ. ಬದುಕಿದವರು ಮೀನು ಎಲ್ಲಿ ತಗೊಳ್ತಾರೆ, ಕೇಳು” ಅಂದರು. ಕೇಳಿದೆ. ಬಸ್ಸಿಗೆ ಬಸ್ಸೇ ನಕ್ಕಿತು. ಗೈಡು ಪಾಪ, ಒಳ್ಳೆಯವನು, ದಾರಿ ಹೇಳಿದ.

ದೋಣಿ ಕಟ್ಟುವ ಜಾಗದಲ್ಲಿ ಒಬ್ಬ ಮುದುಕ ಐಸಿನ ಮೇಲೆ ಸಿಗಡಿ ಹರಡಿಕೊಂಡು ಕೂತಿದ್ದ. ಅಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ, ತಲೆ ಒತ್ತಿ, ಮೂಸಿ ಆರಿಸಿದರು. ಒಳ್ಳೆ ಎರಡು ಹಿಡಿ ಜಾಸ್ತಿ ಹಾಕಿಸಿಕೊಂಡರು. ಗೆದ್ದವರ ಹಾಗೆ ಎದ್ದು ನಿಂತು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳಬೇಕೆಂದು, ಆ ಕವರನ್ನು ಯಾರ ಕೈಗೆ ಕೊಟ್ಟರು ಅಂತೀರಿ? ನನ್ನ ಕೈಗೇ. ಉಸಿರು ಬಿಗಿ ಹಿಡಿದು ನಿಂತೆ.

ಸಂಜೆ ನದಿಯ ದಂಡೆಯಲ್ಲಿ ಗಂಡಸರು ಸಿಕ್ಕರು. ಕೆಲಸ ಮುಗಿದಿತ್ತು, ಇಬ್ಬರೂ ಖುಷಿಯಲ್ಲಿದ್ದರು. “ಅದೆಂತ ಕವರು?” ಅಂದರು ಅಕ್ಕನ ಗಂಡ. “ಸಿಗಡಿ. ರಾತ್ರಿ ಊಟಕ್ಕೆ” ಅಂದರು ಅಕ್ಕ. ಅವರ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೋಟೆಲಿನಲ್ಲಿ ಒಲೆ ಎಲ್ಲುಂಟು? ಕಾಫಿ ಮಿಶಿನ್ನಿನಲ್ಲಿ ಬೇಯಿಸ್ತೀಯಾ?” ನಮ್ಮ ಯಜಮಾನರೂ ನಕ್ಕರು. ನನಗೂ ಆಗಲೇ ಹೊಳೆದದ್ದು. ಹೌದಲ್ಲ, ಒಲೆಯೇ ಇಲ್ಲ!

ನಗು ನಿಂತ ಮೇಲೆ ಅಕ್ಕನ ಗಂಡ ಹಗುರವಾಗಿ ಅಂದರು, “ಆ ಕೆಲಸ ಬೇಡ ಅಂತ ಬುಧವಾರವೇ ಹೇಳಿಯಾಯ್ತು. ನಮ್ಮ ಕಂಪನಿಯ ಷೇರು ಕೈಗೆ ಬರುವ ಹೊತ್ತಿಗೆ ಈ ಮುದುಕರ ಊರಿಗೆ ಯಾರು ಬರ್ತಾರೆ?”

“ಹೌದಲ್ವಾ,” ಅಂದರು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ, “ಒಲೆ ಇಲ್ಲ ಅಂತ ನೆನಪೇ ಆಗ್ಲಿಲ್ಲ” ಅಂತ ತಾವೂ ನಕ್ಕರು. ಸಿಗಡಿಯನ್ನು ಹೋಟೆಲಿನಲ್ಲಿ ರೂಮು ಗುಡಿಸುವ ಹೆಂಗಸಿಗೆ ಕೊಟ್ಟರು. ಹೇಗೆ ತೊಳೆಯಬೇಕು, ನರ ಹೇಗೆ ತೆಗೆಯಬೇಕು ಅಂತ ಅವಳಿಗೇ ಪಾಠ ಹೇಳಿದರು. ಆಕೆ ಸುಮ್ಮನೆ ತಲೆಯಾಡಿಸಿದಳು.

ಯಾವ ಷೇರಿನ ಆಸೆಗೆ ಕ್ಯಾಂಪ್‌ಬೆಲ್‌ನಲ್ಲೇ ಉಳಿದರೋ, ಆ ಕಂಪನಿಯೇ ಮುಂದಿನ ವರ್ಷ ಬಾಗಿಲು ಹಾಕಿತು. ಅವರು ಡಲ್ಲಾಸಿಗೆ ಹೋದರು. ಸಮುದ್ರದ ಸುಳಿವೂ ಇಲ್ಲದ ಊರು. ಮೊದಮೊದಲು ಅಕ್ಕನ ಫೋನು ಬರುತ್ತಿತ್ತು, ಆಮೇಲೆ ಹಬ್ಬಕ್ಕೊಂದು ಸಲ, ಆಮೇಲೆ... ಹೋದ ವರ್ಷ ಅಕ್ಕ ತೀರಿಕೊಂಡರು.

ಬೆಂಚಿನಿಂದ ಎದ್ದು ಮನೆಗೆ ಬಂದವಳೇ ಅವರ ಗಂಡನಿಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ, ಅವರು ಪಾರ್ಟಿಗಳಲ್ಲಿ ಹೇಳುತ್ತಿದ್ದ ಆ ಹಳೇ ಜೋಕನ್ನೇ ತೆಗೆದರು. “ನೆನಪುಂಟಾ ನಿಮಗೆ? ಹೋಟೆಲಿಗೆ ಸಿಗಡಿ ತಂದವಳು ಅವಳು!”

ಇಷ್ಟು ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ. ಅವತ್ತು ತಡೆಯಲಾಗಲಿಲ್ಲ. “ಹೋಟೆಲಿಗಲ್ಲ, ಮನೆಗೆ ತಂದಿದ್ದರು. ಸವಾನಾದಲ್ಲೇ ಇರೋಣ ಅಂತ ನಿಮ್ಮನ್ನು ಊಟ ಆದ ಮೇಲೆ ಕೇಳುವವರಿದ್ದರು” ಅಂದೆ.

ಅವರು ಮೆಲ್ಲಗೆ, “ಅವಳು ನನ್ನ ಹತ್ತಿರ ಒಂದು ಮಾತು ಹೇಳ್ಲಿಲ್ಲ...” ಅಂದರು. ನೀವು ಆಗಲೇ ಬೇಡ ಅಂದಾಗಿತ್ತಲ್ಲ ಅನ್ನಬೇಕೆಂದಿದ್ದೆ. ಅವರು ಅಳುತ್ತಿದ್ದರು. ಅನ್ನಲಿಲ್ಲ.

ಫೋನು ಇಟ್ಟ ಮೇಲೆ ಇದನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಮಗ ಕೆಲಸದಲ್ಲಿದ್ದ. ಯಜಮಾನರು ಇವತ್ತಿಗೂ ಮೀಟಿಂಗಿನಲ್ಲೇ. ಯಾರಿಗೆ ಹೇಳಲಿ ಅಂತ ಯೋಚಿಸುತ್ತಾ ಕೂತೆ. ಇಂಥದ್ದನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ಅಕ್ಕ ಒಬ್ಬರ ಹತ್ತಿರವೇ.