ನಾಲ್ಕನೇ ನಂಬರಿನ ಕಿಟಕಿ

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಡಿಪೋದಲ್ಲಿ ಎಲ್ಲರ ಬಾಯಲ್ಲೂ ಅವನು ಜಿಪ್ಪಣ್ಣ. ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ಯುವ ಒಂಬತ್ತು ಜೀಪುಗಳು ಅಲ್ಲಿದ್ದವು. ಮೇಲೆ ತಗಡಿನ ಬದಲು ದಪ್ಪ ಬಟ್ಟೆ, ಪಕ್ಕಕ್ಕೆ ಗಾಜಿನ ಬದಲು ಆಚೆಗಿನದು ಕಾಣುವ ಪ್ಲಾಸ್ಟಿಕ್ಕಿನ ಕಿಟಕಿ, ಅದರ ಸುತ್ತ ಜಿಪ್. ಬಿಸಿಲುಗಾಲಕ್ಕೆ ಕಿಟಕಿಗಳನ್ನು ಕಳಚಬೇಕು, ಮಳೆಗೆ ಮುಂಚೆ ಮತ್ತೆ ಕೂರಿಸಬೇಕು. ಇಪ್ಪತ್ತೆರಡು ವರ್ಷ ಆ ಕೆಲಸಕ್ಕೆ ಅವನು ಬೇರೆಯವರ ಕೈ ತಾಗಗೊಡಲಿಲ್ಲ.

ಅವನದೊಂದು ಕ್ರಮವಿತ್ತು. ಕಿಟಕಿಯನ್ನು ಒಣ ಬಟ್ಟೆಯಲ್ಲಿ ಒರೆಸುವ ಹಾಗಿಲ್ಲ, ದೂಳು ಗೀರುತ್ತದೆ; ಮೊದಲು ನೀರು ಸುರಿಯಬೇಕು. ನೆರಳಲ್ಲಿ ಪೂರ್ತಿ ಆರಬೇಕು. ಆಮೇಲೆ ಹಲಗೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಒಂದೊಂದರ ನಡುವೆ ಹಳೆಯ ಹೊದಿಕೆ ಹಾಸಬೇಕು. ಮಡಚುವ ಮಾತೇ ಇಲ್ಲ. ಮತ್ತೆ ಕೂರಿಸುವಾಗ ಚಳಿಯಿದ್ದರೆ ಪ್ಲಾಸ್ಟಿಕ್ಕನ್ನು ಒಂದು ಗಳಿಗೆ ಬಿಸಿಲಿಗಿಟ್ಟು ಮೆತ್ತಗೆ ಮಾಡಿ, ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜಿ, ಮೇಲಿನ ಮೂಲೆಯಿಂದ ಶುರು ಮಾಡಬೇಕು. ಅದಲುಬದಲಾಗಬಾರದೆಂದು ಪ್ರತಿ ಕಿಟಕಿಯ ಮೂಲೆಯಲ್ಲೂ ಜೀಪಿನ ನಂಬರನ್ನು ತಾನೇ ಬಣ್ಣದಲ್ಲಿ ಬರೆದಿದ್ದ.

"ಮನೇಲಿರೋ ಹೊದಿಕೆಯೆಲ್ಲ ಆ ಕಿಟಕಿಗಳಿಗೇ ಹೋಯ್ತು. ಚಳಿಯಾಗೋದು ಅವಕ್ಕೋ ನಮಗೋ?" ಎಂದು ಹೆಂಡತಿ ರೇಗಿಸುತ್ತಿದ್ದಳು.

ಅವಳ ತಮ್ಮ ಅದೇ ಡಿಪೋದಲ್ಲಿ ನಾಲ್ಕನೇ ನಂಬರಿನ ಜೀಪು ಓಡಿಸುತ್ತಿದ್ದ. ಆ ಕೆಲಸ ಕೊಡಿಸಿದವನೂ ಜಿಪ್ಪಣ್ಣನೇ. ವಾರಕ್ಕೆರಡು ಸಲ ಅಕ್ಕನ ಮನೆಯಲ್ಲೇ ಊಟ. ನಗಿಸಿ ನಗಿಸಿ ಅವಳ ಕಣ್ಣಲ್ಲಿ ನೀರು ಬರಿಸಿಯೇ ಎದ್ದು ಹೋಗುತ್ತಿದ್ದ.

ಆ ವರ್ಷದ ಬೇಸಿಗೆಯಲ್ಲಿ, ನಾಲ್ಕನೇ ನಂಬರಿನ ಕಿಟಕಿಗಳನ್ನು ತೊಳೆದು ಇನ್ನೂ ನೀರಿಳಿಯುತ್ತಿರುವಾಗಲೇ ಪಕ್ಕದ ಮನೆಯಾಕೆಯ ಫೋನು ಬಂತು. ಹೆಂಡತಿ ಮೆಟ್ಟಿಲಿಂದ ಜಾರಿ ಬಿದ್ದಿದ್ದಳು, ಏಳಲಾಗುತ್ತಿರಲಿಲ್ಲ. ಜಿಪ್ಪಣ್ಣ ಒದ್ದೆ ಕಿಟಕಿಗಳನ್ನು ಚಾಪೆ ಸುತ್ತಿದ ಹಾಗೆ ಸುತ್ತಿ, ಹಗ್ಗ ಬಿಗಿದು, ಉಗ್ರಾಣದ ಮೂಲೆಗೆ ತಳ್ಳಿ ಓಡಿದ. ಅವಳ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆ, ಮನೆ, ಡಿಪೋ ಎಂದು ಎರಡು ತಿಂಗಳು ಅಲೆದದ್ದರಲ್ಲಿ ಆ ಸುರುಳಿ ಅವನ ತಲೆಯಿಂದ ಅಳಿಸಿಯೇ ಹೋಯಿತು.

ಮಳೆಗೆ ಮುಂಚೆ ಬಿಚ್ಚಿದಾಗ ಪ್ಲಾಸ್ಟಿಕ್ಕು ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸಿದರೆ ಮೈತುಂಬ ಬಿಳಿ ಬಿಳಿ ಕಲೆ. ಹಿಂದಿನವು ಹೇಗೋ ಆಗುತ್ತಿದ್ದವು. ಚಾಲಕನ ಪಕ್ಕದ್ದು ಮಾತ್ರ ಮಂಜು ಕವಿದಂತಾಗಿತ್ತು.

"ಇದು ಹಾಕೋ ಹಾಗಿಲ್ಲ ಸಾರ್. ಹೊಸದು ತರಿಸಿ," ಎಂದು ಮ್ಯಾನೇಜರಿಗೆ ತೋರಿಸಿದ.

"ಮುಂದಿನ ವಾರ ತರಿಸೋಣ. ಈಗ ಗಾಡಿ ನಿಲ್ಲಿಸೋಕಾಗಲ್ಲ, ಹಾಕು."

ಭಾಮೈದನೂ ನಕ್ಕ. "ಬಿಡಿ ಭಾವ, ನಾನೇನು ಕಿಟಕಿ ನೋಡ್ಕೊಂಡು ಓಡಿಸ್ತೀನಾ? ರಸ್ತೆ ನೋಡ್ಕೊಂಡು ಓಡಿಸ್ತೀನಿ."

ನೆನೆದರೂ ಪರವಾಗಿಲ್ಲ, ಕಿಟಕಿಯಿಲ್ಲದೆ ಓಡಿಸು ಎನ್ನಬಹುದಿತ್ತು. ಅನ್ನಲಿಲ್ಲ. ಯಾಕೆ ಹೀಗಾಯಿತೆಂದು ಯಾರಾದರೂ ಕೇಳಿದರೆ ಎಂಬ ನಾಚಿಕೆಯೊಂದು ಒಳಗೇ ಕೊರೆಯುತ್ತಿತ್ತು. ಜಿಪ್ ಎಳೆದ.

ನಾಲ್ಕನೇ ದಿನ ಮಧ್ಯಾಹ್ನ, ಧಾರಾಕಾರ ಮಳೆಯಲ್ಲಿ, ಅಡ್ಡರಸ್ತೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅಂಚೆಯವನಿಗೆ ಜೀಪು ಬಡಿಯಿತು. ಜೀವ ಉಳಿಯಿತು. ಮಂಡಿ ಪುಡಿಯಾಯಿತು. "ಕಾಣಲಿಲ್ಲ, ದೇವರಾಣೆ ಕಾಣಲಿಲ್ಲ," ಎಂದು ಭಾಮೈದ ರಸ್ತೆಯಲ್ಲೇ ಕೂತು ಅತ್ತನಂತೆ.

ಜೀಪನ್ನು ಡಿಪೋಗೆ ತಂದು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಸಾರಿಗೆ ಇಲಾಖೆಯ ಅಧಿಕಾರಿ ಪರಿಶೀಲನೆಗೆ ಬರುವವರಿದ್ದರು. ಅದಕ್ಕೆ ಅರ್ಧ ಗಂಟೆ ಮುಂಚೆ ಮ್ಯಾನೇಜರು ಜಿಪ್ಪಣ್ಣನನ್ನು ಪಕ್ಕಕ್ಕೆ ಕರೆದ. "ಏಳನೇ ನಂಬರಿನ ಕಿಟಕಿ ತೆಗೆದು ಇದಕ್ಕೆ ಹಾಕಿಬಿಡು. ಹಾಳು ಮಾಡಿದ್ದು ಯಾರು ಅಂತ ನನಗೂ ಗೊತ್ತು, ನಿನಗೂ ಗೊತ್ತು."

ಜಿಪ್ಪಣ್ಣ ಹಾಕಿದ. ಏಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಅದರ ಮೇಲೆ ನಾಲ್ಕು ಬರೆದ. ಹತ್ತೇ ನಿಮಿಷ. ಅಷ್ಟು ಸಲೀಸಾಗಿ ಮುಗಿಯಿತು. ಅದೇ ಅವನನ್ನು ಆಮೇಲೆ ಎಷ್ಟೋ ದಿನ ತಿಂದದ್ದು.

ಅಧಿಕಾರಿ ಚಾಲಕನ ಸೀಟಿನಲ್ಲಿ ಕೂತು ಆಚೆ ನೋಡಿದರು. ಎಲ್ಲ ನಿಚ್ಚಳ. "ಇಷ್ಟು ಚೆನ್ನಾಗಿ ಕಾಣ್ತಿದೆಯಲ್ಲಪ್ಪ!" ಎಂದರು. ಭಾಮೈದ ಕಿಟಕಿಯನ್ನೊಮ್ಮೆ ನೋಡಿದ, ಭಾವನನ್ನೊಮ್ಮೆ ನೋಡಿದ. ಬಾಯಿ ತೆರೆಯಲಿಲ್ಲ. ಅಜಾಗರೂಕತೆ, ಅತಿವೇಗ ಎಂದು ವರದಿಯಾಯಿತು. ಅವನ ಲೈಸೆನ್ಸು ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು.

ಅವನು ಅಕ್ಕನ ಮನೆಗೆ ಬರುವುದು ನಿಂತಿತು.

"ಏನ್ರೀ, ನನ್ನ ತಮ್ಮ ಈ ಕಡೆ ತಲೆಯೇ ಹಾಕ್ತಿಲ್ಲವಲ್ಲ?" ಗೋಡೆ ಹಿಡಿದು ಹೆಜ್ಜೆಯಿಡುತ್ತ ಹೆಂಡತಿ ಕೇಳುತ್ತಲೇ ಇದ್ದಳು. ಮೂರು ವಾರ ಏನೇನೋ ಹೇಳಿ ಜಾರಿಕೊಂಡ. ಒಂದು ಬೆಳಿಗ್ಗೆ, ಅವಳಿಗೆ ತಲೆ ಬಾಚುತ್ತ, ಬೆನ್ನ ಹಿಂದೆ ನಿಂತೇ ಎಲ್ಲ ಹೇಳಿಬಿಟ್ಟ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ಅವಳು ಅವನ ಕೈಯಿಂದ ಬಾಚಣಿಗೆ ತೆಗೆದುಕೊಂಡಳು. "ಕಿಟಕಿ ಸುತ್ತಿಟ್ಟು ಓಡಿ ಬಂದದ್ದು ನನಗೋಸ್ಕರ. ಅದನ್ನ ನಾನು ಹೊತ್ಕೊಳ್ತೀನಿ. ಆದರೆ ಬದಲಾಯಿಸಿದ್ದು ಯಾರಿಗೋಸ್ಕರ? ಅದನ್ನ ನೀವೇ ಹೋಗಿ ಹೇಳಬೇಕು."

ಕಲೆಗಟ್ಟಿದ ಕಿಟಕಿಯನ್ನು ಎಸೆಯಲು ಮನಸ್ಸು ಬಾರದೆ ಉಗ್ರಾಣದ ಹಲಗೆಗಳ ಹಿಂದೆ ಇಟ್ಟಿದ್ದ. ಅದನ್ನು ಕಂಕುಳಲ್ಲಿಟ್ಟುಕೊಂಡು ಅಧಿಕಾರಿಯ ಕಚೇರಿಗೆ ಹೋದ. ಅವರು ಮೊದಲು ನಂಬಲಿಲ್ಲ. ಜೀಪು ತರಿಸಿ ನೋಡಿದಾಗ ನಾಲ್ಕರ ಅಡಿಯಲ್ಲಿ ಮಸುಕಾಗಿ ಏಳು ಕಂಡಿತು. ಹೇಳಿಕೆ ಬರೆಸಿಕೊಂಡರು. ಎಂಟು ತಿಂಗಳ ಮೇಲೆ ಭಾಮೈದನಿಗೆ ಲೈಸೆನ್ಸು ವಾಪಸು ಸಿಕ್ಕಿತು. ಮ್ಯಾನೇಜರಿಗೆ ಎಚ್ಚರಿಕೆಯ ಪತ್ರ ಹೋಯಿತು. ಜಿಪ್ಪಣ್ಣನಿಗೆ ಮಾತ್ರ ಹೇಳಿಕೆ ಕೊಟ್ಟ ಮರುದಿನವೇ ಡಿಪೋದ ಗೇಟು ಮುಚ್ಚಿತ್ತು.

ಅಂಚೆಯವನನ್ನೂ ನೋಡಲು ಹೋದ. ಅವನು ಈಗ ಅಂಚೆ ಕಚೇರಿಯ ಒಳಕೋಣೆಯಲ್ಲಿ, ಕಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡು, ಬೇರೆಯವರು ಹಂಚುವ ಕಾಗದಗಳನ್ನು ವಿಂಗಡಿಸುತ್ತಿದ್ದ. ಜಿಪ್ಪಣ್ಣ ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿಸಿಕೊಂಡ.

"ಯಾರ ತಪ್ಪು ಅನ್ನೋದು ನನಗೆ ಬೇಡಪ್ಪ. ಮೋಡ ಕವಿದರೆ ಸಾಕು, ಮಂಡಿ ಹಿಂಡುತ್ತೆ. ಅದಕ್ಕೇನಾದರೂ ಇದ್ದರೆ ಹೇಳು. ಇಲ್ಲದಿದ್ದರೆ ಹೊರಡು, ಕೆಲಸ ಇದೆ."

ಜಿಪ್ಪಣ್ಣ ಹೊರಟ.

ಈಗ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಅಂಗಡಿಗಳಿಗೆ ಬಿಸಿಲುಪರದೆ ಹೊಲಿಯುತ್ತಾನೆ. ಮಳೆಗಾಲಕ್ಕೆ ಮುಂಚೆ ಡಿಪೋದ ಚಾಲಕರು ಒಬ್ಬೊಬ್ಬರಾಗಿ ಬಂದು, "ಜಿಪ್ಪು ಅರ್ಧಕ್ಕೇ ಸಿಕ್ಕಿಕೊಳ್ತಿದೆ, ಏನ್ ಮಾಡೋದು ಜಿಪ್ಪಣ್ಣ?" ಎಂದು ಕೇಳುತ್ತಾರೆ. ಹೇಳಿಕೊಡುತ್ತಾನೆ. ಜತೆಗೆ ಹೋಗುವುದಿಲ್ಲ.

ಭಾಮೈದ ಬೇರೆ ಕಡೆ ಲಾರಿ ಓಡಿಸುತ್ತಾನೆ. ಒಂದು ಭಾನುವಾರ ಕೊನೆಗೂ ಬಂದ. ಹೊಸ್ತಿಲು ದಾಟಲಿಲ್ಲ. ಬಾಗಿಲ ಬಳಿ ನಿಂತು ಅಕ್ಕನ ಕೈಯಿಂದ ನೀರು ಇಸಿದುಕೊಂಡು ಕುಡಿದ. ಒಳಗೆ ಯಂತ್ರದ ಸದ್ದು ಕೇಳುತ್ತಲೇ, "ಬರ್ತೀನಿ ಅಕ್ಕ," ಎಂದು ತಿರುಗಿದ. "ಕೂತ್ಕೊಳೋ," ಎಂದು ಅವಳು ಅಂಗಲಾಚುವುದು ಜಿಪ್ಪಣ್ಣನಿಗೆ ಕೇಳಿಸಿತು.

ಅಂದಿನಿಂದ ಮನೆಯ ಗೇಟಿನ ಬಳಿ ಭಾಮೈದನ ಕೆಮ್ಮು ಕೇಳಿದರೆ ಸಾಕು, ಜಿಪ್ಪಣ್ಣ ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು, ಹಿತ್ತಿಲ ಬಾಗಿಲಿನಿಂದ ಇಳಿದು, ಬೀದಿಯ ಕೊನೆಯ ನಲ್ಲಿಯವರೆಗೂ ನಡೆದುಕೊಂಡು ಹೋಗುತ್ತಾನೆ. ಅಲ್ಲಿ ಕಟ್ಟೆಯ ಮೇಲೆ ಒಂದು ಗಂಟೆ ಕೂತಿರುತ್ತಾನೆ. ಅಷ್ಟು ಹೊತ್ತಾದರೂ ಅಕ್ಕ ತಮ್ಮ ಮಾತಾಡಿಕೊಳ್ಳಲಿ ಎಂದು.